ಹತ್ತು ಮಿಲಿಮೀಟರ್ ಗಿಡ್ಡವಾದ ಮಾರುತ

ಮಾರುತ ಎಂಬ ಯುದ್ಧವಿಮಾನದ ನನ್ನ ಮರದ ಮಾದರಿ ಮುಗಿಯಿತು. ಮೂಗಿನ ಚಕ್ರದ ಒಂದು ಬಾಗಿಲು ಇನ್ನೂ ಡಬ್ಬಿಯಲ್ಲೇ ಇದೆ, ಆದರೂ ಮುಗಿಯಿತೆಂದೇ ಬರೆಯುತ್ತೇನೆ. ಆ ಬಾಗಿಲಿಗೆ ಕಾದರೆ ಈ ಟಿಪ್ಪಣಿ ಎಂದೂ ಬರೆದಾಗುವುದಿಲ್ಲ. ಆರು ತಿಂಗಳ ಕೆಲಸವೆಂದು ಕೈಹಾಕಿದ್ದು ಹದಿನಾಲ್ಕು ತಿಂಗಳು ತಿಂದಿತು. ಸರಿಯಾಗಿ ಆದದ್ದನ್ನು ಬೇಗ ಹೇಳಿ ಮುಗಿಸಿ, ಕೆಟ್ಟದ್ದನ್ನು ವಿವರವಾಗಿ ಬರೆಯುತ್ತೇನೆ. ಗುಂಪಿಗೆ ಹೊಸದಾಗಿ ಬಂದ ಇಬ್ಬರು ಕೇಳಿದ್ದೂ ಅದನ್ನೇ.

ಗುಂಪು ಎಂದರೆ ಪುಟ್ಟ ಮಾದರಿಗಳನ್ನು ಕಟ್ಟುವ ಹನ್ನೊಂದು ಜನ. ಹೆಸರಿಲ್ಲ, ರಸೀದಿ ಪುಸ್ತಕವಿಲ್ಲ, ಅಧ್ಯಕ್ಷರಿಲ್ಲ. ತಿಂಗಳ ಮೊದಲ ಭಾನುವಾರ ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ಸೇರುತ್ತೇವೆ. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ವಾಡಿಕೆಯಿಲ್ಲ, ಮಾಡುವ ಮಾದರಿಯೇ ಹೆಸರು. ಐಎನ್‌ಎಸ್ ವಿಕ್ರಾಂತ್ ಹಡಗನ್ನು 1:700ರಲ್ಲಿ, ಅಂದರೆ ನಿಜವಾದದ್ದರ ಏಳುನೂರರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಕಟ್ಟುತ್ತಿರುವವರು ಹಡಗಿನವರು. ಕೋಲಾರದ ಚಿನ್ನದ ಗಣಿಯ ಬಾಯಿಯ ಮೇಲೆ ನಿಲ್ಲುತ್ತಿದ್ದ ಉಕ್ಕಿನ ಗೋಪುರವನ್ನು ಪ್ಲಾಸ್ಟಿಕ್ ಕಡ್ಡಿಗಳಲ್ಲಿ ಕಟ್ಟುತ್ತಾ, ಒಂದೊಂದು ರಿವೆಟ್ಟನ್ನೂ ಎಣಿಸುವವರು ಗಣಿ ಮೇಷ್ಟರು. ಬೆಂಗಳೂರಿನ ಹಳೆಯ ನಗರ ಸಾರಿಗೆಯಾದ ಬಿಟಿಎಸ್‌ನ ಡಬಲ್ ಡೆಕ್ಕರ್ ಮಾಡುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿ ಬಸ್ಸಿನ ಹುಡುಗ. ಅವನು ಹುಟ್ಟುವ ಹೊತ್ತಿಗೆ ಬಿಟಿಎಸ್ ಹೋಗಿ ಬಿಎಂಟಿಸಿ ಬಂದಾಗಿತ್ತು. ಇನ್ನು ದಂತವೈದ್ಯರೊಬ್ಬರು ಇದ್ದಾರೆ, ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ತಗಡಿನ ಕೆಲಸ ಮಾಡಿ ನಿವೃತ್ತರಾದ ಫಿಟ್ಟರ್ ಸರ್ ಇದ್ದಾರೆ. ಈ ಇಬ್ಬರಿಲ್ಲದಿದ್ದರೆ ನನ್ನ ವಿಮಾನ ಇವತ್ತಿಗೂ ಮರದ ತುಂಡಾಗಿಯೇ ಇರುತ್ತಿತ್ತು.

ಮಾರುತವೇ ಏಕೆ? ನನ್ನ ಬ್ಯಾಂಕಿನ ಶಾಖೆ ಸುರಂಜನ್ ದಾಸ್ ರಸ್ತೆಯ ಹತ್ತಿರ. ಆರು ವರ್ಷ ಆ ಹೆಸರಿನ ಫಲಕದ ಪಕ್ಕದಲ್ಲೇ ಬಸ್ಸಿಳಿದಿದ್ದೇನೆ, ಈ ಪುಣ್ಯಾತ್ಮರು ಯಾರೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಫಿಟ್ಟರ್ ಸರ್ ಹೇಳಿದ ಮೇಲೆ ತಿಳಿಯಿತು: 1961ರ ಜೂನ್ 17ರಂದು ಎಚ್‌ಎಫ್-24 ಮಾರುತವನ್ನು ಬೆಂಗಳೂರಿನ ಆಕಾಶಕ್ಕೆ ಮೊದಲ ಸಲ ಏರಿಸಿದವರು ಅವರು, 1970ರ ಜನವರಿ 10ರಂದು ಇದೇ ಬೆಂಗಳೂರಿನಲ್ಲಿ ಮಾರುತದ ಅಪಘಾತದಲ್ಲಿ ತೀರಿಕೊಂಡವರೂ ಅವರೇ. ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳುತನದಲ್ಲಿ ವಿನ್ಯಾಸವಾಗಿ, ನಮ್ಮೂರಿನಲ್ಲೇ 147 ತಯಾರಾದ ವಿಮಾನ. ಪೆಟ್ಟಿಗೆ ತೆರೆದು ಅಂಟಿಸುವ ಕಿಟ್ ಬೇಡ, ಮರದಿಂದಲೇ ಕೆತ್ತುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟೆ. ಇದು ಮೊದಲನೆಯ ತಪ್ಪು.

2024 ಜೂನ್ 9: ಅಳತೆ

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಮಾರುತ ನಿಂತಿದೆ. ಬಸ್ಸಿನ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋದೆ. ವಿಮಾನವನ್ನು ಮುಟ್ಟುವಂತಿಲ್ಲ, ಹಾಗಾಗಿ ಅವನನ್ನೇ ಅಳತೆಗೋಲು ಮಾಡಿಕೊಂಡೆ. ಅವನ ಎತ್ತರ 172 ಸೆಂಟಿಮೀಟರ್, 1:48ರಲ್ಲಿ 35.8 ಮಿಲಿಮೀಟರ್. ಮೂಗು, ಚಕ್ರ, ಬಾಲ ಹೀಗೆ ಒಂದೊಂದು ಭಾಗದ ನೇರಕ್ಕೂ ಅವನನ್ನು ನಿಲ್ಲಿಸಿ ತೊಂಬತ್ತು ಫೋಟೋ ತೆಗೆದೆ. ನೋಡಲು ಬಂದಿದ್ದ ಒಂದು ಕುಟುಂಬ ಇದು ಮದುವೆಗೆ ಮುಂಚಿನ ಫೋಟೋ ಇರಬೇಕೆಂದು ನನ್ನ ಕಡೆ ಅನುಮಾನದಿಂದ ನೋಡಿತು. ನನಗೆ ಐವತ್ತೊಂದು ವರ್ಷ.

ನಿಜವಾದ ಮಾರುತದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. 48ರಿಂದ ಭಾಗಿಸಿದರೆ 330.6 ಮತ್ತು 187.5 ಮಿಲಿಮೀಟರ್. ಈ ಎರಡು ಅಂಕಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಬರೆದು, ಪುಟ ತಿರುಗಿಸಿ, ನಾಲ್ಕು ತಿಂಗಳು ಆ ಕಡೆ ನೋಡಲಿಲ್ಲ.

ಜೂನ್ 22ರಿಂದ ಸೆಪ್ಟೆಂಬರ್: ಮೊದಲ ಒಡಲು

ಮರ ಚನ್ನಪಟ್ಟಣದ್ದು, ಗೊಂಬೆ ಮಾಡುವ ಹಾಲೆ ಮರ. ಬೆಳ್ಳಗೆ, ಮೃದುವಾಗಿ, ಎಳೆ ಕಾಣದಷ್ಟು ನುಣುಪು; ಚಾಕು ಎತ್ತ ತಿರುಗಿಸಿದರೂ ಸಿಬಿರೇಳುವುದಿಲ್ಲ. 340×50×45 ಮಿಲಿಮೀಟರಿನ ಎರಡು ತುಂಡುಗಳಿಗೆ 300 ರೂಪಾಯಿ ಕೊಟ್ಟೆ. ಎರಡನೆಯದನ್ನು ಏಕೆ ಕೊಂಡೆನೋ ಆಗ ಗೊತ್ತಿರಲಿಲ್ಲ.

ಮೂರು ಕಡೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ 1:48ಕ್ಕೆ ತಂದು, ಜೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಯ ಮೇಲೆ ಮುದ್ರಿಸಿದೆ. ಅದರಿಂದಲೇ ರಟ್ಟಿನ ಅಚ್ಚುಗಳನ್ನು ಕತ್ತರಿಸಿದೆ, ಪಕ್ಕದ ನೋಟಕ್ಕೆ ಒಂದು, ಮೇಲಿನ ನೋಟಕ್ಕೆ ಒಂದು, ಅಡ್ಡಸೀಳಿಗೆ ಒಂಬತ್ತು. ಮೊದಲು ಗರಗಸ, ಆಮೇಲೆ ಉಳಿ, ಆಮೇಲೆ ನಗರ್ತಪೇಟೆಯಲ್ಲಿ ಕೊಂಡ ಅಕ್ಕಸಾಲಿಗರ ಅರಗಳು (ಆರರ ಕಟ್ಟು, 240 ರೂಪಾಯಿ), ಕೊನೆಗೆ 120ರಿಂದ 400ರವರೆಗಿನ ಉಪ್ಪುಕಾಗದ. ಅಡ್ಡಸೀಳಿನ ರಟ್ಟನ್ನು ಒಡಲಿಗೆ ಒತ್ತಿ, ಹಿಂದಿನಿಂದ ಟಾರ್ಚ್ ಬಿಟ್ಟು, ಬೆಳಕು ತೂರುವ ಕಡೆ ಗುರುತು ಹಾಕಿ ಉಜ್ಜುವುದು. ಸೆಪ್ಟೆಂಬರ್ ಕೊನೆಗೆ ಬೆಳಕು ಎಲ್ಲೂ ತೂರಲಿಲ್ಲ. ಎಷ್ಟು ಹಿಗ್ಗಿದೆನೆಂದರೆ ಅದನ್ನು ಟಿವಿಯ ಪಕ್ಕದಲ್ಲಿಟ್ಟು ಅತ್ತೆಗೆ ತೋರಿಸಿದೆ. "ಮೀನು ಚೆನ್ನಾಗಿದೆ" ಎಂದರು.

ಈ ನಾಲ್ಕು ತಿಂಗಳಲ್ಲಿ ಮೂರು ಸಲ ಗುಂಪಿಗೆ ಹೋದೆ, ಮೂರು ಸಲವೂ ಕೈಬೀಸಿಕೊಂಡು ಹೋದೆ. ಅರ್ಧ ಕೆತ್ತಿದ್ದನ್ನು ತೋರಿಸಲು ನಾಚಿಕೆ. ಹಡಗಿನವರ ಮೇಜಿನ ಮೇಲೆ ಕೂದಲೆಳೆಯಂಥ ಕಂಬಿಗಳು ನಿಂತಿರುವಾಗ ನನ್ನ ಮೀನನ್ನು ಹೇಗೆ ಇಡಲಿ? ಮುಗಿಸಿಯೇ ಒಯ್ಯೋಣ ಎಂದುಕೊಂಡೆ.

ಅಕ್ಟೋಬರ್ 6: ವರ್ನಿಯರ್

ಮಹಡಿಯ ಮೇಜಿನ ಮೇಲೆ ಒಡಲನ್ನಿಟ್ಟೆ. ಎಲ್ಲರೂ ಕೈಯಲ್ಲಿ ಹಿಡಿದು ನೋಡಿದರು, ಹೊಗಳಿದರು. ಫಿಟ್ಟರ್ ಸರ್ ಮಾತ್ರ ಮಾತಾಡಲಿಲ್ಲ. ಕನ್ನಡಕ ಹಾಕಿಕೊಂಡು, ಒಡಲನ್ನು ಮುಂಗೈ ಮೇಲೆ ಮಗುವಿನಂತೆ ಮಲಗಿಸಿಕೊಂಡು, ಬಾಲದಿಂದ ಮೂಗಿನ ತನಕ ಹೆಬ್ಬೆರಳು ಸವರಿದರು. ಆಮೇಲೆ ಚೀಲದಿಂದ, ಮಿಲಿಮೀಟರಿನ ಚೂರನ್ನೂ ಅಳೆಯುವ ಉದ್ದನೆಯ ವರ್ನಿಯರ್ ತೆಗೆದರು. ಅದನ್ನು ಹಳದಿ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿರುತ್ತಾರೆ.

"ಎಷ್ಟಿರಬೇಕಮ್ಮಾ?"

"330.6, ಸರ್."

"320.7 ಇದೆ."

ಯಾರೂ ನಗಲಿಲ್ಲ, ನಕ್ಕಿದ್ದರೆ ಸಮಾಧಾನವಾಗುತ್ತಿತ್ತು. ಗಣಿ ಮೇಷ್ಟರು ಮೊಬೈಲ್ ತೆಗೆದು ಭಾಗಿಸಿದರು: 97 ಪ್ರತಿಶತ. ಮುದ್ರಿಸುವಾಗ "ಪುಟಕ್ಕೆ ಹೊಂದಿಸು" ಎಂಬುದಕ್ಕೆ ಗುರುತು ಬಿದ್ದಿತ್ತು. ಅಂಗಡಿಯ ಹುಡುಗನದು ತಪ್ಪಲ್ಲ, ನಾನು ನೋಡಬೇಕಿತ್ತು. ಅಚ್ಚುಗಳನ್ನು ಕತ್ತರಿಸಿದ್ದೂ ಅದೇ ಹಾಳೆಯಿಂದ, ಹಾಗಾಗಿ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ನನ್ನನ್ನು ಮೋಸ ಮಾಡಿದ್ದವು. ಜುಲೈ ತಿಂಗಳ ಭಾನುವಾರ ಬರಿಯ ನಕ್ಷೆಯನ್ನು ಒಯ್ದಿದ್ದರೂ ಆ ವರ್ನಿಯರ್ ಅಂದೇ ಹೊರಗೆ ಬರುತ್ತಿತ್ತು.

ನಡುವೆ ಕತ್ತರಿಸಿ ಹತ್ತು ಮಿಲಿಮೀಟರಿನ ತುಂಡು ಸೇರಿಸಿದರೆ ಹೇಗೆ ಎಂದೆ. ಉದ್ದ ಸರಿಹೋಗುತ್ತದೆ, ದಪ್ಪ ಸರಿಹೋಗುವುದಿಲ್ಲ, ರೆಕ್ಕೆ ಕೂರುವ ಜಾಗದಲ್ಲಿ ಗುಟ್ಟು ಬಯಲಾಗುತ್ತದೆ ಎಂದರು ಫಿಟ್ಟರ್ ಸರ್. "ಎರಡನೇ ತುಂಡು ಇದೆಯಲ್ಲ, ಕೈಗೆ ದಾರಿ ಗೊತ್ತಾಗಿದೆ, ಈ ಸಲ ಬೇಗ ಆಗುತ್ತದೆ."

ಹಾಗೆಯೇ ಆಯಿತು. ಎರಡನೆಯ ಒಡಲಿಗೆ ಏಳು ವಾರ ಸಾಕಾಯಿತು. ನಕ್ಷೆಯ ಮೂಲೆಯಲ್ಲಿ 100 ಮಿಲಿಮೀಟರಿನ ಒಂದು ಗೆರೆ ಎಳೆದು, ಮುದ್ರಿಸಿದ ಕೂಡಲೇ ಅಂಗಡಿಯಲ್ಲೇ ಸ್ಕೇಲ್ ಇಟ್ಟು ನೋಡಿದೆ. ಈಗ ಗುಂಪಿನಲ್ಲಿ ಎಲ್ಲರೂ ಆ ಗೆರೆ ಎಳೆಯುತ್ತಾರೆ. ಅದಕ್ಕೆ ನನ್ನ ಹೆಸರನ್ನೇ ಇಟ್ಟಿದ್ದಾರೆ, ಅದು ಗೌರವವಲ್ಲ. ಹಳೆಯ ಒಡಲು ಬಣ್ಣದ ಪ್ರಯೋಗಕ್ಕೆ ಬಲಿಯಾಯಿತು.

2025 ಜನವರಿ: ರೆಕ್ಕೆ, ಮೂತಿ, ತುಪಾಕಿ

ಇದು ಸಲೀಸಾಗಿ ನಡೆದ ತಿಂಗಳು. ರೆಕ್ಕೆಗೆ 1 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ಹಾಳೆಗಳನ್ನು ಅಂಟಿಸಿ, ಮುಂದಿನ ಅಂಚು ದುಂಡಗೂ ಹಿಂದಿನ ಅಂಚು ಚೂಪಾಗಿಯೂ ಉಜ್ಜಿದೆ. ಒಡಲಿಗೆ ಸಿಕ್ಕಿಸಲು 1.5 ಮಿಲಿಮೀಟರಿನ ಹಿತ್ತಾಳೆ ಕಡ್ಡಿ. ಗಾಳಿ ನುಗ್ಗುವ ಪಕ್ಕದ ಬಾಯಿಗಳೊಳಗೆ ಅರ್ಧ ಶಂಕುಗಳಿವೆ. ಒಂದು ಶಂಕುವನ್ನು ಡ್ರಿಲ್ಲಿಗೆ ಸಿಕ್ಕಿಸಿ ಅರದಿಂದ ಕಡೆದು, ಉದ್ದಕ್ಕೆ ಸೀಳಿದರೆ ಎರಡು ಕಡೆಗೂ ಆಯಿತು.

ಮಾರುತದ ಮೂಗಿನಲ್ಲಿ 30 ಮಿಲಿಮೀಟರಿನ ನಾಲ್ಕು ಏಡನ್ ಎಂಬ ತುಪಾಕಿಗಳು. 48ರಿಂದ ಭಾಗಿಸಿದರೆ ನಳಿಗೆಯ ತೂತು 0.625 ಮಿಲಿಮೀಟರ್. 20 ಗೇಜಿನ ಇಂಜೆಕ್ಷನ್ ಸೂಜಿಯ ಒಳವ್ಯಾಸ 0.6. ಔಷಧದ ಅಂಗಡಿಯಲ್ಲಿ ನಾಲ್ಕು ಸೂಜಿಗೆ ಹನ್ನೆರಡು ರೂಪಾಯಿ. ಇಡೀ ಮಾದರಿಯಲ್ಲಿ ಅತ್ಯಂತ ಅಗ್ಗದ ಭಾಗ, ಅಳತೆಗೆ ಅತ್ಯಂತ ಹತ್ತಿರದ ಭಾಗವೂ ಇದೇ. ಸೂಜಿಯನ್ನು ಕಟರ್‌ನಲ್ಲಿ ಕತ್ತರಿಸಿದರೆ ತೂತು ಚಪ್ಪಟೆಯಾಗುತ್ತದೆ. ಅರದಿಂದ ಸುತ್ತಲೂ ಗೀರು ಹಾಕಿ ಮುರಿಯಬೇಕು.

ಫೆಬ್ರುವರಿಯಿಂದ ಏಪ್ರಿಲ್: ಏಳು ಟೊಪ್ಪಿಗೆಗಳು

ಪೈಲಟ್ ಕೂರುವ ಜಾಗದ ಮೇಲಿನ ಗಾಜಿನ ಮುಚ್ಚಳ, ಕ್ಯಾನಪಿ. ಮನೆಯಲ್ಲಿ ಇದಕ್ಕೆ ಟೊಪ್ಪಿಗೆ ಎಂದೇ ಹೆಸರು ಬಿತ್ತು.

ವಿಧಾನ ಸರಳ. ಟೊಪ್ಪಿಗೆಯ ಆಕಾರವನ್ನು ಮರದಲ್ಲಿ ಕೆತ್ತಿ, ಪ್ಲಾಸ್ಟಿಕ್ಕಿನ ದಪ್ಪ ಲೆಕ್ಕಕ್ಕೆ ಬರುವಂತೆ ಸುತ್ತಲೂ ಅರ್ಧ ಮಿಲಿಮೀಟರ್ ಕಡಿಮೆ ಮಾಡಬೇಕು. ಪಾರದರ್ಶಕ ಹಾಳೆಯನ್ನು ಬಿಸಿಮಾಡಿ, ಅದು ಜೋತುಬಿದ್ದ ಕ್ಷಣಕ್ಕೆ ಅಚ್ಚಿನ ಮೇಲೆ ಎಳೆಯಬೇಕು.

ಮೊದಲನೆಯದು: ಬೇಕರಿಯ ಕೇಕ್ ಡಬ್ಬಿಯ ಮುಚ್ಚಳ. ಪ್ಲೈವುಡ್ ಚೌಕಟ್ಟಿಗೆ ಹೊಡೆದು, ಗ್ಯಾಸ್ ಒಲೆಯ ಸಣ್ಣ ಉರಿಯ ಮೇಲೆ ಹಿಡಿದೆ. ಸುಟ್ಟೀತೆಂಬ ಭಯಕ್ಕೆ ನಿಧಾನವಾಗಿ ಕಾಯಿಸಿದೆ. ಹಾಳೆ ಹಾಲಿನಂತೆ ಬೆಳ್ಳಗಾಯಿತು. ಆ ಜಾತಿಯ ಪ್ಲಾಸ್ಟಿಕ್ ನಿಧಾನವಾಗಿ ಕಾದರೆ ಹೀಗೇ ಬಿಳಿಚಿಕೊಳ್ಳುತ್ತದೆಯಂತೆ.

ಎರಡನೆಯದು: ಉರಿ ಹೆಚ್ಚಿಸಿದೆ. ನಡುವೆ ತೂತು. ಅಡುಗೆಮನೆಯ ವಾಸನೆ ಹೋಗಲು ಎರಡು ದಿನ ಹಿಡಿಯಿತು. ಅಂದಿನಿಂದ ಮನೆಯೊಳಗೆ ಪ್ಲಾಸ್ಟಿಕ್ ಬಿಸಿಮಾಡುವುದಕ್ಕೆ ನಿಷೇಧ. ನಿಷೇಧ ಸರಿಯಾದದ್ದೇ, ಆ ಹೊಗೆ ಒಳ್ಳೆಯದಲ್ಲ.

ಮೂರನೆಯದು: ಮಹಡಿಯ ಮೇಲೆ, ಬಣ್ಣ ಕೀಳುವ ಬಿಸಿಗಾಳಿಯ ಗನ್ನಿನಿಂದ. ಗಾಜಿನಂತೆ ಬಂತು, ಆದರೆ ಬುಡದಲ್ಲಿ ಸೀರೆಯ ನೆರಿಗೆ. ಅಚ್ಚು ಗಿಡ್ಡವಾಗಿತ್ತು. ಕೆಳಗೆ 15 ಮಿಲಿಮೀಟರ್ ಪೀಠ ಸೇರಿಸಿದೆ.

ನಾಲ್ಕನೆಯದು: ನೆರಿಗೆಯಿಲ್ಲ, ಬಿಳುಪಿಲ್ಲ. ಕುಣಿದಾಡಿದೆ. ಬೆಳಕಿಗೆ ಹಿಡಿದಾಗ ಕಂಡಿತು, ಟೊಪ್ಪಿಗೆಯ ತುಂಬ ಉದ್ದುದ್ದ ಎಳೆಗಳು. ಕಣ್ಣಿಗೂ ಬೆರಳಿಗೂ ಸಿಗದ ಹಾಲೆ ಮರದ ಎಳೆಯನ್ನು ಬಿಸಿ ಪ್ಲಾಸ್ಟಿಕ್ ಓದಿಕೊಂಡಿತ್ತು.

ಈ ನಾಲ್ಕನ್ನೂ ಒಂದು ಡಬ್ಬಿಗೆ ಹಾಕಿ ಮಾರ್ಚ್ 2ರ ಭಾನುವಾರಕ್ಕೆ ಒಯ್ದೆ. ಅಕ್ಟೋಬರಿನ ಪಾಠದ ಮೇಲೆ ಕೆಟ್ಟದ್ದನ್ನೆಲ್ಲ ಒಯ್ಯುತ್ತೇನೆಂದು ತೀರ್ಮಾನಿಸಿದ್ದೆ. ಡಾಕ್ಟರು ನಾಲ್ಕನ್ನೂ ಸಾಲಾಗಿ ಜೋಡಿಸಿ, ಬಾಯಿ ತೆರೆಸಿದ ರೋಗಿಯನ್ನು ನೋಡುವಂತೆ ನೋಡಿದರು. "ಇದನ್ನು ನಾನು ದಿನಾ ಮಾಡುತ್ತೇನಲ್ಲ ಮೇಡಂ, ಮೊದಲೇ ಹೇಳಬಾರದಿತ್ತೇ?"

ಹಲ್ಲಿನ ಕ್ಲಿಪ್ ತೆಗೆದ ಮೇಲೆ ಹಲ್ಲು ಮತ್ತೆ ಸರಿಯದಿರಲೆಂದು ಪಾರದರ್ಶಕ ಕವಚ ಕೊಡುತ್ತಾರಲ್ಲ, ಅದನ್ನು ಮಾಡುವ ಯಂತ್ರ ಅವರ ಕ್ಲಿನಿಕ್ಕಿನಲ್ಲಿದೆ. ಮೇಲೆ ಕಾಯುವ ಸುರುಳಿ, ನಡುವೆ ಹಾಳೆ ಕಚ್ಚಿಕೊಳ್ಳುವ ಚೌಕಟ್ಟು, ಕೆಳಗೆ ಗಾಳಿ ಹೀರುವ ತೂತುಗಳ ತಟ್ಟೆ. ಮರದ ಅಚ್ಚು ಬೇಡವೆಂದರು. ಮೊದಲು ಅದನ್ನು ಸೂಪರ್ ಗ್ಲೂ ಸವರಿ, 2000 ನಂಬರಿನ ಕಾಗದದಲ್ಲಿ ಉಜ್ಜಿಸಿದರು. ಆಮೇಲೆ ಹಲ್ಲಿನ ಅಳತೆ ತೆಗೆಯುವ ಗುಲಾಬಿ ಬಣ್ಣದ ಆಲ್ಜಿನೇಟನ್ನು ಬಟ್ಟಲಲ್ಲಿ ಕಲಸಿ, ಅದರೊಳಗೆ ಅಚ್ಚನ್ನು ಒತ್ತಿದರು. ಮೂರೇ ನಿಮಿಷದಲ್ಲಿ ಗಟ್ಟಿ ಹಲ್ವದಂತಾಯಿತು. ಅಚ್ಚು ಕಿತ್ತು, ಆ ಗುಳಿಗೆ ಡೆಂಟಲ್ ಸ್ಟೋನ್ ಎಂಬ ಜಿಪ್ಸಮ್ ಹಿಟ್ಟನ್ನು ಸುರಿದು, ಕಂಪಿಸುವ ಮೇಜಿನ ಮೇಲಿಟ್ಟರು. ಒಂದು ಗಂಟೆಯ ಮೇಲೆ ಕೈಗೆ ಬಂದದ್ದು ಎಳೆಯೇ ಇಲ್ಲದ ಹಳದಿ ಕಲ್ಲಿನ ಟೊಪ್ಪಿಗೆ.

ಐದನೆಯದು: 0.75 ಮಿಲಿಮೀಟರಿನ ಹಾಳೆ. ಕಾದು ಹದಿನೈದು ಮಿಲಿಮೀಟರಿನಷ್ಟು ಜೋತಿತು, ಡಾಕ್ಟರು ಚೌಕಟ್ಟನ್ನು ಇಳಿಸಿ ಪಂಪ್ ಒತ್ತಿದರು, ಸುಯ್ಯೆಂದು ಹೀರಿಕೊಂಡಿತು. ನೆತ್ತಿಯ ಮೇಲೆ ಒಂದು ಮೊಡವೆ! ಕಲ್ಲು ಸುರಿಯುವಾಗ ಸಿಕ್ಕಿಕೊಂಡ ಗಾಳಿಗುಳ್ಳೆಯ ಗುರುತು. ಕಲ್ಲಿನ ಮೇಲಿನ ಉಬ್ಬನ್ನು ಬ್ಲೇಡಿನಿಂದ ಕೆರೆದೆವು.

ಆರನೆಯದು ಸ್ಫಟಿಕ. ಅದನ್ನು ಮನೆಗೆ ತಂದು, ಅಂಚು ಕತ್ತರಿಸಿ, ಒಡಲಿಗೆ ಕೂರಿಸಿ, ಆತುರಕ್ಕೆ ಸೂಪರ್ ಗ್ಲೂ ಹಚ್ಚಿದೆ. ಬೆಳಿಗ್ಗೆ ಎದ್ದು ನೋಡಿದರೆ ಒಳಗಡೆಯೆಲ್ಲ ಮಂಜು. ಆ ಗೋಂದು ಒಣಗುವಾಗ ಬಿಡುವ ಆವಿ ಗಾಜಿನ ಮೇಲೆ ಬಿಳಿಯಾಗಿ ಕೂರುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಹಡಗಿನವರಿಗೆ ನಾನೇ ಇದನ್ನು ಹೇಳಿಕೊಟ್ಟಿದ್ದೆ.

ಏಳನೆಯದಕ್ಕೆ ಮತ್ತೆ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಹಾಳೆಗೆ ದುಡ್ಡು ಬೇಡವೆಂದರು, ನಾನು ಕೊಟ್ಟೆ: ಮೂರಕ್ಕೆ 360 ರೂಪಾಯಿ. ಅಂಟಿಸಿದ್ದು ಫೆವಿಕಾಲಿನಿಂದ, ಹಲ್ಲುಕಡ್ಡಿಯ ತುದಿಯಲ್ಲಿ.

ಮೇ, ಜೂನ್: ಬಣ್ಣ

ಬೆಳ್ಳಿ ಬಣ್ಣ ಆರಿಸಿಕೊಂಡದ್ದು ಮೂರ್ಖತನ. ಹಸಿರು, ಕಂದು ಆಗಿದ್ದರೆ ಉಜ್ಜಿದ ಗೀರುಗಳೆಲ್ಲ ಅಡಗುತ್ತಿದ್ದವು. ಬೆಳ್ಳಿ ಚಾಡಿಕೋರ ಬಣ್ಣ, ಒಂದನ್ನೂ ಮುಚ್ಚಿಡುವುದಿಲ್ಲ. ಪ್ರೈಮರ್ ಹೊಡೆಯುವುದು, ಗೀರು ಹುಡುಕುವುದು, ಪುಟ್ಟಿ ತುಂಬುವುದು, ಉಜ್ಜುವುದು: ಐದು ಸುತ್ತು.

ಉಳಿತಾಯಕ್ಕೆಂದು ಜೆ.ಸಿ. ರಸ್ತೆಯಿಂದ ಕಾರಿಗೆ ಹೊಡೆಯುವ ಲ್ಯಾಕರ್ ತಂದೆ. ಹಳೆಯ ಗಿಡ್ಡ ಒಡಲಿನ ಮೇಲೆ ಹೊಡೆದು ನೋಡಿದೆ, ಸೊಗಸಾಗಿತ್ತು. ಹೊಸದರ ಮೇಲೆ ಹೊಡೆದೆ. ಒಡಲು ಸೊಗಸಾಗಿಯೇ ಬಂತು, ರೆಕ್ಕೆಗಳ ಮೇಲೆ ಬಿರುಕುಬಿಟ್ಟ ಕೆರೆಯಂಗಳ. ಗಿಡ್ಡ ಒಡಲು ಬರಿಯ ಮರ, ರೆಕ್ಕೆ ಪ್ಲಾಸ್ಟಿಕ್. ಲ್ಯಾಕರಿನ ಥಿನ್ನರ್ ಪ್ಲಾಸ್ಟಿಕ್ಕನ್ನು ಕರಗಿಸಿತ್ತು. ಪ್ರೈಮರ್ ತಡೆಯುತ್ತದೆಂದು ನಂಬಿದ್ದೆ, ಅದು ಅಂಚುಗಳಲ್ಲಿ ತೆಳುವಾಗಿತ್ತು. ಪರೀಕ್ಷೆ ಮಾಡುವುದಾದರೆ ಅದೇ ವಸ್ತುವಿನ ಮೇಲೆ ಮಾಡಬೇಕು. ಎರಡೂ ರೆಕ್ಕೆಗಳನ್ನು ಕಿತ್ತು ಹೊಸದಾಗಿ ಮಾಡಿದೆ, ಹನ್ನೊಂದು ದಿನ. ಅವುಗಳಿಗೆ ಮಾದರಿಗೆಂದೇ ಬರುವ ಅಕ್ರಿಲಿಕ್ ಬಣ್ಣ.

ಜೂನ್ ಎರಡನೆಯ ವಾರ ಒಡಲಿಗೆ ಕೊನೆಯ ಕೋಟು ಹೊಡೆಯುವಾಗ ಹೊರಗೆ ಮಳೆ. ಅರ್ಧ ಗಂಟೆಯಲ್ಲಿ ಬೆಳ್ಳಿಯ ಮೇಲೆ ಬೂದಿ ಬಳಿದಂತಾಯಿತು, ಗಾಳಿಯ ತೇವ ಲ್ಯಾಕರಿನಲ್ಲಿ ಸಿಕ್ಕಿಕೊಂಡಿತ್ತು. ಬಿಸಿಲು ಬಂದ ದಿನ ಮೇಲೆ ಬರಿಯ ಥಿನ್ನರನ್ನು ಮಂಜಿನಂತೆ ಹೊಡೆದಾಗ ಮುಕ್ಕಾಲುಪಾಲು ಹೋಯಿತು. ಉಳಿದದ್ದು ಹೊಟ್ಟೆಯ ಕೆಳಗಿದೆ, ಯಾರೂ ತಿರುಗಿಸಿ ನೋಡದಿರಲಿ.

ಜುಲೈ: ಚಕ್ರಗುರುತು

ವಾಯುಪಡೆಯ ಗುರುತು, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ನೀರಿನಲ್ಲಿ ಜಾರಿಸಿ ಅಂಟಿಸುವ ಪಾರದರ್ಶಕ ಹಾಳೆಯ ಮೇಲೆ ಮನೆಯ ಪ್ರಿಂಟರಿನಲ್ಲಿ ಮುದ್ರಿಸಿದೆ. ನೀರಿಗೆ ಹಾಕಿದೊಡನೆ ಹೋಳಿ ಆಟ. ಶಾಯಿಯ ಮೇಲೆ ಮೊದಲು ವಾರ್ನಿಷ್ ಹೊಡೆಯಬೇಕಿತ್ತು. ಎರಡನೆಯ ಹಾಳೆಗೆ ಹೊಡೆದೆ. ಸರಿಯಾಗಿ ಕೂತಿತು, ಆದರೆ ಬಿಳಿ ಬಳೆಯ ಜಾಗದಲ್ಲಿ ಬೆಳ್ಳಿಯೇ ಕಂಡಿತು, ಏಕೆಂದರೆ ಪ್ರಿಂಟರಿನಲ್ಲಿ ಬಿಳಿ ಶಾಯಿ ಎಂಬುದೇ ಇಲ್ಲ. ಗಣಿ ಮೇಷ್ಟರು ಕೈವಾರಕ್ಕೆ ಬ್ಲೇಡ್ ಕಟ್ಟಿ, ಟೇಪಿನಲ್ಲಿ ವೃತ್ತಗಳನ್ನು ಕತ್ತರಿಸಿಕೊಟ್ಟರು. ಮೊದಲು ಬಿಳಿ ಬಿಲ್ಲೆ ಹೊಡೆದು, ಅದರ ಮೇಲೆ ಗುರುತು ಕೂರಿಸಿದೆ. ಹಾಳೆ ಒಂದಕ್ಕೆ 180 ರೂಪಾಯಿ, ಮೂರು ಹಾಳೆ.

ಆಗಸ್ಟ್ 2, 3: ಬಾಲದ ಮೇಲೆ

ಶನಿವಾರ ರಾತ್ರಿ ಹನ್ನೊಂದೂವರೆಗೆ ಚಕ್ರಗಳನ್ನು ಅಂಟಿಸಿ ಮೇಜಿನ ಮೇಲೆ ನಿಲ್ಲಿಸಿದೆ. ಮಾರುತ ಮೂಗೆತ್ತಿ, ನಾಯಿಯಂತೆ ಬಾಲದ ಮೇಲೆ ಕುಳಿತಿತು. ಪ್ಲಾಸ್ಟಿಕ್ ಕಿಟ್‌ಗಳ ಮೂಗಿಗೆ ಭಾರ ತುಂಬಬೇಕೆಂದು ಎಲ್ಲರಿಗೂ ಗೊತ್ತು. ಇದು ಒಳಗೆ ಟೊಳ್ಳಿಲ್ಲದ ಗಟ್ಟಿ ಮರ, ಇದಕ್ಕೇಕೆ ಎಂದುಕೊಂಡಿದ್ದೆ. ಮರ ಗಟ್ಟಿಯಾದರೇನು, ಹಿಂದಿನ ಚಕ್ರಗಳ ಹಿಂದೆಯೂ ಅಷ್ಟೇ ಗಟ್ಟಿ.

ಭಾನುವಾರ ಹಾಗೆಯೇ ಒಯ್ದೆ. ಮನೆಯೊಡತಿ ಅಡುಗೆಮನೆಯಿಂದ ಚಪಾತಿ ಹಿಟ್ಟು ತಂದುಕೊಟ್ಟರು. ಮೂಗಿನ ಮೇಲೆ ಚೂರು ಚೂರೇ ಮೆತ್ತುತ್ತಾ ಹೋದೆವು, ಮೂಗು ಇಳಿದಾಗ ಹಿಟ್ಟನ್ನು ತೂಗಿದರೆ 11 ಗ್ರಾಂ. ಭಾರ ಒಳಗೆ, ಸ್ವಲ್ಪ ಹಿಂದಕ್ಕೆ ಕೂರುವುದರಿಂದ 14 ಬೇಕೆಂದರು ಫಿಟ್ಟರ್ ಸರ್. ಮೂಗಿನ ಚಕ್ರದ ಗುಂಡಿಯೊಳಗಿಂದ ಮುಂದಕ್ಕೆ ಓರೆಯಾಗಿ 7 ಮಿಲಿಮೀಟರಿನ ತೂತು, 45 ಮಿಲಿಮೀಟರ್ ಆಳ. ಬಣ್ಣ ಹೊಡೆದು ಮುಗಿದ ವಿಮಾನಕ್ಕೆ ಡ್ರಿಲ್ ಇಡಲು ನನಗೆ ಕೈ ಬರಲಿಲ್ಲ. ಅವರೇ ಕೈಡ್ರಿಲ್ ತಿರುಗಿಸಿದರು, ನಾನು ಒಡಲನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡಿದ್ದೆ. ಬಿಳಿಯ ಪುಡಿ ಉದುರುತ್ತಾ ಹೋಯಿತು. ಒಮ್ಮೆ ನಿಲ್ಲಿಸಿ, ಉಗುರಿನಿಂದ ಮೂಗನ್ನು ತಟ್ಟಿ ಕಿವಿಗೊಟ್ಟು, ಇನ್ನೂ ನಾಲ್ಕು ಸುತ್ತು ತಿರುಗಿಸಿದರು. ಟೈರ್ ಅಂಗಡಿಯಿಂದ ಬಸ್ಸಿನ ಹುಡುಗ ತಂದಿದ್ದ ಸೀಸದ ಬಿಲ್ಲೆಯನ್ನು ಚೂರು ಮಾಡಿ ತುಂಬಿ, ಎಪಾಕ್ಸಿಯಿಂದ ಮುಚ್ಚಿದೆವು. ಈ ಗದ್ದಲದಲ್ಲೇ ಆ ಬಾಗಿಲು ಕಿತ್ತುಬಂದದ್ದು. ಸೀಸ ಮುಟ್ಟಿದ ಕೈ ತೊಳೆದುಕೊಂಡೇ ಎಲ್ಲರೂ ಉಪ್ಪಿಟ್ಟಿಗೆ ಕುಳಿತೆವು.

ಈಗ ಮೂರು ಚಕ್ರಗಳ ಮೇಲೆ ನಿಂತಿದೆ. ಫಿಟ್ಟರ್ ಸರ್ ಮತ್ತೆ ವರ್ನಿಯರ್ ಇಟ್ಟರು: 330.2.

ಒಟ್ಟು ಖರ್ಚು, ಕೆಟ್ಟದ್ದನ್ನೂ ಸೇರಿಸಿ, 4,870 ರೂಪಾಯಿ. ಅದರಲ್ಲಿ ಬಣ್ಣ ಮತ್ತು ಥಿನ್ನರಿನದೇ 1,900. ಕಲ್ಲಿನ ಟೊಪ್ಪಿಗೆಯನ್ನು ಬಸ್ಸಿನ ಹುಡುಗ ಒಯ್ದಿದ್ದಾನೆ; ಡಬಲ್ ಡೆಕ್ಕರಿನ ಮೇಲಂತಸ್ತಿನ ಬಾಗಿದ ಮುಂಗಾಜಿಗೆ ಅಂಥದೇ ಅಚ್ಚು ಮಾಡಬೇಕಂತೆ. ಸೆಪ್ಟೆಂಬರ್ ಏಳಕ್ಕೆ, ಅರ್ಧವೇ ಆಗಿದ್ದರೂ ಸರಿ, ತರಲು ಹೇಳಿದ್ದೇನೆ.